ಪ್ರೊಸಿನೆಚ್ಕಿಯ ಎರಡು ಸಾಲು

ಫುಟ್‌ಬಾಲ್ ಆಟಗಾರರ ಅಂಕಿಅಂಶ ತಿರುವಿ ಹಾಕುವ ಚಟ ಇದ್ದವರಿಗೆ ಇದು ಗೊತ್ತು. ಆಡಿದ ಕ್ಲಬ್ಬುಗಳ ಪಟ್ಟಿ ಎಷ್ಟೇ ಉದ್ದವಿರಲಿ, ಯಾರೂ ಹುಬ್ಬೇರಿಸುವುದಿಲ್ಲ. ಅದರ ಕೆಳಗೆ ದೇಶದ ಹೆಸರು ಬರುವ ಜಾಗದಲ್ಲಿ ಒಂದರ ಬದಲು ಎರಡು ಸಾಲು ಕಂಡರೆ ಮಾತ್ರ ಕಣ್ಣು ಅಲ್ಲೇ ತಡೆದು ನಿಲ್ಲುತ್ತದೆ. ರಾಬರ್ಟ್ ಪ್ರೊಸಿನೆಚ್ಕಿಯ ಹೆಸರಿನಡಿ ಅಂಥ ಎರಡು ಸಾಲುಗಳಿವೆ. ಯುಗೊಸ್ಲಾವಿಯಾ: 15 ಪಂದ್ಯ, 4 ಗೋಲು. ಕ್ರೊಯೇಷಿಯಾ: 49 ಪಂದ್ಯ, 10 ಗೋಲು. 1990ರ ವಿಶ್ವಕಪ್‌ನಲ್ಲಿ ಒಂದು ದೇಶಕ್ಕೆ, 1998ರಲ್ಲಿ ಇನ್ನೊಂದು ದೇಶಕ್ಕೆ ಗೋಲು ಹೊಡೆದವನು ಎಂದು ಕ್ವಿಜ್ ಪುಸ್ತಕಗಳಲ್ಲಿ ಅವನ ಹೆಸರು ಶಾಶ್ವತವಾಗಿ ಉಳಿದಿದೆ. ಇತ್ತೀಚೆಗೆ ಗೆಳೆಯರ ನಡುವೆ ಈ ಮಾತು ಬಂದಾಗ, ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ನಗುತ್ತಾ "ಹಾಗಾದ್ರೆ ಪಕ್ಷಾಂತರ ಮಾಡಿದವನು ಅನ್ನಿ" ಎಂದ. ಅವನ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಎರಡು ಸಾಲು ನೋಡಿದ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆದರೂ ಆ ಮಾತು ಮನಸ್ಸಿನಿಂದ ಹೋಗಲೊಲ್ಲದು.

ಪಕ್ಷಾಂತರ ಮಾಡಿದವರು ಫುಟ್‌ಬಾಲಿನಲ್ಲಿ ಇಲ್ಲವೆಂದಲ್ಲ. ಲೂಯಿಸ್ ಮೊಂಟಿ 1930ರ ವಿಶ್ವಕಪ್ ಫೈನಲ್ ಆಡಿದ್ದು ಅರ್ಜೆಂಟೀನಾಕ್ಕೆ, 1934ರ ಫೈನಲ್ ಆಡಿದ್ದು ಇಟಲಿಗೆ. ಎರಡು ದೇಶಗಳ ಪರ ಫೈನಲ್ ಆಡಿದ ಬೇರೆ ಯಾರೂ ಇಲ್ಲ. ಜೋಸೆ ಅಲ್ತಾಫಿನಿ 1958ರಲ್ಲಿ ಬ್ರೆಜಿಲ್, 1962ರಲ್ಲಿ ಇಟಲಿ. ಪುಷ್ಕಾಶ್ 1954ರಲ್ಲಿ ಹಂಗೇರಿಯ ನಾಯಕ, 1962ರಲ್ಲಿ ಸ್ಪೇನಿನ ಅಂಗಿ ತೊಟ್ಟವನು. ಇವರ ಕತೆಗಳಲ್ಲಿ ಹಣವಿದೆ, ವಂಶದ ಬೇರಿದೆ, ಪುಷ್ಕಾಶ್‌ನ ವಿಷಯದಲ್ಲಿ ಸೋವಿಯತ್ ಸೇನೆ ದಂಗೆಯನ್ನು ಹತ್ತಿಕ್ಕಿದ 1956ರ ಬುಡಾಪೆಸ್ಟ್ ಇದೆ. ಆದರೆ ಎಲ್ಲರೂ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆಗೆ ಹೋದವರು, ಹಿಂದೆ ಬಿಟ್ಟುಬಂದ ದೇಶ ತನ್ನಷ್ಟಕ್ಕೆ ತಾನು ಆಡುತ್ತಲೇ ಇತ್ತು. ಪ್ರೊಸಿನೆಚ್ಕಿಯದು ಹಾಗಲ್ಲ. ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾ, ಮ್ಯಾಸಿಡೋನಿಯಾ ಮುಂತಾದ ಗಣರಾಜ್ಯಗಳ ಒಕ್ಕೂಟವಾಗಿದ್ದ ಯುಗೊಸ್ಲಾವಿಯಾ 1991-92ರಲ್ಲಿ ಒಡೆದುಹೋಯಿತು. ಅವನು ಬಿಟ್ಟ ತಂಡಕ್ಕೆ ಮರಳಿ ಹೋಗೋಣವೆಂದರೂ ಆ ತಂಡವೇ ಉಳಿಯಲಿಲ್ಲ.

ಡಿಪ್ಲೊಮಾ ತಿನ್ನುತ್ತೇನೆ ಎಂದ ಕೋಚ್

ಹುಟ್ಟಿದ್ದು 1969ರ ಜನವರಿಯಲ್ಲಿ, ಪಶ್ಚಿಮ ಜರ್ಮನಿಯ ಶ್ವೆನ್ನಿಂಗೆನ್‌ನಲ್ಲಿ. ಅಪ್ಪ ಕ್ರೊಯೇಷಿಯದವರು, ಅಮ್ಮ ಸರ್ಬಿಯದವರು. ದುಡಿಯಲು ಜರ್ಮನಿಗೆ ಹೋದ ಲಕ್ಷಾಂತರ ಯುಗೊಸ್ಲಾವ್ ಕುಟುಂಬಗಳಲ್ಲಿ ಅದೂ ಒಂದು. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ಕುಟುಂಬ ಕ್ರೊಯೇಷಿಯದ ಜಾಗ್ರೆಬ್‌ಗೆ ವಾಪಸಾಯಿತು, ಅವನು ಡೈನಮೊ ಜಾಗ್ರೆಬ್‌ನ ಕಿರಿಯರ ತಂಡ ಸೇರಿದ. ಹದಿನೇಳು ದಾಟಿದ ಹುಡುಗ ಮೊದಲ ತಂಡದಲ್ಲಿ ಆಡಿ ಗೋಲನ್ನೂ ಹೊಡೆದ. ಅಪ್ಪ ಕೋಚ್ ಚಿರೊ ಬ್ಲಾಜೆವಿಚ್ ಹತ್ತಿರ ಹೋಗಿ ಮಗನಿಗೆ ಪಕ್ಕಾ ಕರಾರು ಕೊಡಿ ಎಂದು ಕೇಳಿದರು. ಇವನೇನಾದರೂ ಆಟಗಾರನಾದರೆ ನನ್ನ ಕೋಚಿಂಗ್ ಡಿಪ್ಲೊಮಾವನ್ನೇ ತಿಂದುಬಿಡುತ್ತೇನೆ ಎಂದು ಬ್ಲಾಜೆವಿಚ್ ಹೇಳಿದರಂತೆ. ಬಾಲ್ಕನ್ನಿನಲ್ಲಿ ಇದು ಎಷ್ಟು ಸಲ ಹೇಳಿ ಕೇಳಿ ಆಗಿದೆಯೆಂದರೆ, ಈಗ ಅದಕ್ಕೆ ಗಾದೆಯ ಹೊಳಪು ಬಂದಿದೆ. ಆ ಹೊಳಪಿನಲ್ಲಿ ಎಷ್ಟು ಪಾಲು ಸತ್ಯವೋ ಎಷ್ಟು ಪಾಲು ಬ್ಲಾಜೆವಿಚ್‌ನ ಬಾಯಿಯೋ, ವಿಂಗಡಿಸುವ ಗೋಜಿಗೆ ನಾನು ಹೋಗುವುದಿಲ್ಲ. ಒಟ್ಟಿನಲ್ಲಿ 1987ರಲ್ಲಿ ಅಪ್ಪ ಮಗನನ್ನು ಸರ್ಬಿಯದ ಬೆಲ್‌ಗ್ರೇಡ್‌ಗೆ ಕರೆದುಕೊಂಡು ಹೋದರು. ರೆಡ್ ಸ್ಟಾರ್ ಕ್ಲಬ್ಬಿನಲ್ಲಿ ಆಗ ಆಟಗಾರರನ್ನು ಆರಿಸುತ್ತಿದ್ದ ದ್ರಾಗಾನ್ ಜಾಯಿಚ್ ಅವನ ಕಾಲಲ್ಲಿ ಚೆಂಡು ಓಡಾಡುವುದನ್ನು ಸ್ವಲ್ಪ ಹೊತ್ತು ನೋಡಿದ್ದೇ ಕರಾರು ಮುಗಿಸಿದರು.

ಡೈನಮೊ ಬಿಟ್ಟು ರೆಡ್ ಸ್ಟಾರ್ ಸೇರುವುದು ಎಂದರೇನು ಎಂಬುದನ್ನು ಈಗಿನವರು ಯೋಚಿಸಿ ನೋಡಬೇಕು. ಅಂದು ಅದು ಕ್ಲಬ್ ಬದಲಾವಣೆ, ಅಷ್ಟೇ. ಜಾಗ್ರೆಬ್‌ನಿಂದ ಬೆಲ್‌ಗ್ರೇಡ್‌ಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. ನಾಲ್ಕೇ ವರ್ಷದಲ್ಲಿ ಅದೇ ದಾರಿಯ ನಡುವೆ ಯುದ್ಧ ನಿಂತಿತ್ತು.

ಅದೇ 1987ರ ಅಕ್ಟೋಬರ್‌ನಲ್ಲಿ ಚಿಲಿಯಲ್ಲಿ ಯುವಕರ ವಿಶ್ವಕಪ್. ಯುಗೊಸ್ಲಾವಿಯಾದ ಫುಟ್‌ಬಾಲ್ ಸಂಸ್ಥೆಗೆ ಆ ಟೂರ್ನಿಯ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಹೋದ ತಂಡದಲ್ಲಿ ಬೊಬಾನ್, ಶುಕೆರ್, ಯಾರ್ನಿ, ಶ್ಟಿಮಾಟ್ಸ್, ಮಿಯಾಟೊವಿಚ್, ಪ್ರೊಸಿನೆಚ್ಕಿ ಇದ್ದರು. ಅವರು ಕಪ್ ಗೆದ್ದರು, ಟೂರ್ನಿಯ ಅತ್ಯುತ್ತಮ ಆಟಗಾರ ಪ್ರೊಸಿನೆಚ್ಕಿ. ಸೆಮಿಫೈನಲ್‌ನಲ್ಲಿ ಅವರಿಗೆ ಸೋತದ್ದು ಪೂರ್ವ ಜರ್ಮನಿ, ಫೈನಲ್‌ನಲ್ಲಿ ಸೋತದ್ದು ಪಶ್ಚಿಮ ಜರ್ಮನಿ. ಕೊನೆಯ ಎರಡು ಪಂದ್ಯ ಆಡಿದ ಮೂರು ತಂಡಗಳಲ್ಲಿ ಎರಡು ಮುಂದಿನ ಐದು ವರ್ಷಗಳಲ್ಲಿ ಭೂಪಟದಿಂದಲೇ ಅಳಿಸಿಹೋದವು. ಮೂರನೆಯದು ಹಿಗ್ಗಿತು. ಸೋತ ಪೂರ್ವ ಜರ್ಮನಿಯ ತಂಡದಲ್ಲಿ ಮಥಿಯಾಸ್ ಸಾಮರ್ ಇದ್ದ. 1990ರ ಸೆಪ್ಟೆಂಬರ್ 12ರಂದು ಬ್ರಸೆಲ್ಸ್‌ನಲ್ಲಿ ಪೂರ್ವ ಜರ್ಮನಿ ತನ್ನ ಕಟ್ಟಕಡೆಯ ಪಂದ್ಯ ಆಡಿ ಬೆಲ್ಜಿಯಂ ಮೇಲೆ 2-0ಯಿಂದ ಗೆದ್ದಾಗ ಎರಡೂ ಗೋಲು ಅವನದೇ. ಅವನ ಜತೆಗಾರ ಉಲ್ಫ್ ಕಿರ್ಸ್ಟನ್ ಪೂರ್ವ ಜರ್ಮನಿಗೆ 49, ಒಂದಾದ ಜರ್ಮನಿಗೆ 51 ಪಂದ್ಯ ಆಡಿದ. ಕೂಡಿದರೆ ಸರಿಯಾಗಿ ನೂರು. ಕೂಡಬಹುದೇ ಎಂಬುದು ಬೇರೆ ಪ್ರಶ್ನೆ.

1991ರ ನಲವತ್ತು ದಿನ

ಪ್ರೊಸಿನೆಚ್ಕಿಯ ಬದುಕಿನಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು 1991ರ ಬೇಸಿಗೆಯಲ್ಲಿ. ಮೇ 16ರಂದು ಬೆಲ್‌ಗ್ರೇಡ್‌ನಲ್ಲಿ ಫಾರೋ ದ್ವೀಪಗಳ ವಿರುದ್ಧ ಯುಗೊಸ್ಲಾವಿಯಾ 7-0. ಪಾಂಚೆವ್ ಜತೆಗೆ ಪ್ರೊಸಿನೆಚ್ಕಿ, ಬೊಬಾನ್, ಶುಕೆರ್ ಕೂಡ ಗೋಲು ಹೊಡೆದರು. ಇದಕ್ಕೂ ಎರಡು ವಾರ ಮೊದಲೇ ಕ್ರೊಯೇಷಿಯದ ಬೊರೊವೊ ಸೆಲೊ ಹಳ್ಳಿಯಲ್ಲಿ ಗುಂಡು ಹಾರಿ ಪೊಲೀಸರು ಸತ್ತಿದ್ದರು. ಮೇ 29ರಂದು ಇಟಲಿಯ ಬಾರಿಯಲ್ಲಿ ರೆಡ್ ಸ್ಟಾರ್ ಯುರೋಪಿಯನ್ ಕಪ್ ಗೆದ್ದಿತು. ಜೂನ್ 25ರಂದು ಕ್ರೊಯೇಷಿಯಾ ಸ್ವಾತಂತ್ರ್ಯ ಘೋಷಿಸಿತು. ಮೊದಲ ತಾರೀಕಿನಿಂದ ಕೊನೆಯದಕ್ಕೆ ನಲವತ್ತು ದಿನ.

ಬಾರಿಯ ಆ ಫೈನಲ್ ನೋಡಲು ಚೆನ್ನಾಗಿರಲಿಲ್ಲ. ಎದುರಿಗೆ ಪಪಾನ್, ವಾಡ್ಲ್, ಅಬೆದಿ ಪೆಲೆ ಇದ್ದ ಫ್ರಾನ್ಸಿನ ಕ್ಲಬ್ ಮಾರ್ಸೆ. ಕೋಚ್ ಲ್ಯುಪ್ಕೊ ಪೆಟ್ರೊವಿಚ್ ಚೆಂಡನ್ನು ಅವರಿಗೇ ಬಿಟ್ಟುಕೊಟ್ಟು, ಹಿಂದೆ ಗೋಡೆ ಕಟ್ಟಿ, ಪೆನಾಲ್ಟಿಯ ತನಕ ಕಾಯಿರಿ ಎಂದಿದ್ದರು. ಯುರೋಪಿನಲ್ಲೇ ಚೆಂದದ ಆಟವಾಡುತ್ತಿದ್ದ, ಸೆಮಿಫೈನಲ್‌ನಲ್ಲಿ ಬೇಯರ್ನ್ ತಂಡವನ್ನು ಅದರದ್ದೇ ಅಂಗಳದಲ್ಲಿ ಸೋಲಿಸಿ ಬಂದಿದ್ದ ತಂಡ ಅದು. ನೂರಿಪ್ಪತ್ತು ನಿಮಿಷ ಚೆಂಡು ಒಪ್ಪಿಸುವ ಕೆಲಸ ಪ್ರೊಸಿನೆಚ್ಕಿಯಂಥವನಿಗೆ ಹೇಗಿದ್ದಿರಬಹುದು! ಮಾರ್ಸೆಯ ಬೆಂಚಿನಲ್ಲಿದ್ದ ದ್ರಾಗಾನ್ ಸ್ಟೊಯ್ಕೊವಿಚ್ ಹಿಂದಿನ ವರ್ಷದ ತನಕ ರೆಡ್ ಸ್ಟಾರ್‌ನ ಕಣ್ಮಣಿ. ಕೊನೆಗೆ ಮೈದಾನಕ್ಕಿಳಿದರೂ ಹಳೆಯ ಕ್ಲಬ್ಬಿನ ಮೇಲೆ ಪೆನಾಲ್ಟಿ ಹೊಡೆಯಲಾರೆ ಎಂದು ಹಿಂದೆ ಸರಿದ. ರೆಡ್ ಸ್ಟಾರ್ ಪರ ಮೊದಲ ಪೆನಾಲ್ಟಿ ಪ್ರೊಸಿನೆಚ್ಕಿ ಹೊಡೆದ, ಒಳಗೆ ಹೋಯಿತು. ನಂತರ ಬಿನಿಚ್, ಬೆಲೊಡೆಡಿಚ್, ಮಿಹಾಯ್ಲೊವಿಚ್, ಪಾಂಚೆವ್. ಐದಕ್ಕೆ ಐದು.

ಈ ಐದು ಹೆಸರುಗಳನ್ನು ನಿಧಾನವಾಗಿ ಓದಿ. ಬೆಲೊಡೆಡಿಚ್ ಸರ್ಬ್ ಮೂಲದ ರೊಮೇನಿಯನ್, 1986ರಲ್ಲಿ ಅಲ್ಲಿನ ಸ್ಟಿಯಾವಾ ಕ್ಲಬ್ ಪರ ಇದೇ ಕಪ್ ಗೆದ್ದು, 1988ರಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ದೇಶದಿಂದ ತಪ್ಪಿಸಿಕೊಂಡು ಬಂದವನು. ಪಾಂಚೆವ್ ಮುಂದೆ ಮ್ಯಾಸಿಡೋನಿಯಾದ ಪರ ಆಡಿದ. ಬಿನಿಚ್ ಸರ್ಬ್. ನನಗೆ ಬಿಡದೆ ಕಾಡುವ ಜೋಡಿ ಪ್ರೊಸಿನೆಚ್ಕಿ ಮತ್ತು ಸಿನಿಶಾ ಮಿಹಾಯ್ಲೊವಿಚ್. ಪ್ರೊಸಿನೆಚ್ಕಿಗೆ ಅಪ್ಪ ಕ್ರೊಯಾಟ್, ಅಮ್ಮ ಸರ್ಬ್. ಮಿಹಾಯ್ಲೊವಿಚ್‌ಗೆ ಅಪ್ಪ ಸರ್ಬ್, ಅಮ್ಮ ಕ್ರೊಯಾಟ್, ಹುಟ್ಟಿದ್ದು ಕ್ರೊಯೇಷಿಯದ ವುಕೊವಾರ್‌ನಲ್ಲಿ. ಇಬ್ಬರೂ 1969ರಲ್ಲೇ ಹುಟ್ಟಿದವರು, ಒಂದೇ ಕ್ಲಬ್, ಒಂದೇ ಮಧ್ಯಮಸಾಲು, ಒಂದೇ ರಾತ್ರಿ ಒಂದೇ ಪೆನಾಲ್ಟಿ ಚುಕ್ಕೆ. ಆಮೇಲೆ ಒಬ್ಬ ಕ್ರೊಯೇಷಿಯಾದ ಅಂಗಿ ತೊಟ್ಟ, ಇನ್ನೊಬ್ಬ ಸರ್ಬಿಯಾ ಮತ್ತು ಮಾಂಟೆನೆಗ್ರೊ ಮಾತ್ರ ಸೇರಿ ಅದೇ ಹೆಸರಿನಲ್ಲಿ ಉಳಿದ ಯುಗೊಸ್ಲಾವಿಯಾದ್ದು. ಹಾಗಾಗಿ ಇವರ ಪಾಲಿಗೆ ಆಯ್ಕೆಯೇ ಇರಲಿಲ್ಲ ಎಂದು ನಾನು ಹೇಳಿದರೆ ಅದು ಪೂರ್ತಿ ನಿಜವಾಗದು. ಏನೋ ಒಂದು ಆಯ್ಕೆ ಇತ್ತು. ಆದರೆ ಇಬ್ಬರ ಮುಂದೆಯೂ ಇದ್ದ ಎರಡು ಬಾಗಿಲುಗಳಲ್ಲಿ ಯಾವುದೂ ಅವರು ಹೊರಟುಬಂದ ಮನೆಯದಾಗಿರಲಿಲ್ಲ.

ಆ ವರ್ಷಗಳಲ್ಲಿ ಯುಗೊಸ್ಲಾವಿಯಾ ತಂಡದ ಕೋಚ್ ಆಗಿದ್ದ ಇವಿಟ್ಸಾ ಓಸಿಮ್ ಮೂರನೆಯ ದಾರಿ ಹಿಡಿದರು. 1992ರ ಮೇ ತಿಂಗಳಲ್ಲಿ ಅವರ ಊರಾದ ಬೋಸ್ನಿಯಾದ ಸರಯೇವೊಗೆ ಮುತ್ತಿಗೆ ಬಿದ್ದಿತ್ತು, ಹೆಂಡತಿ ಮತ್ತು ಮಗಳು ಅದರೊಳಗಿದ್ದರು. ಓಸಿಮ್ ರಾಜೀನಾಮೆ ಕೊಟ್ಟರು, ಊರಿಗಾಗಿ ತನ್ನಿಂದ ಆಗುವುದು ಇಷ್ಟೇ ಎಂದರು. ಕೆಲವೇ ದಿನಗಳಲ್ಲಿ ವಿಶ್ವಸಂಸ್ಥೆಯ ನಿರ್ಬಂಧ ಬಂದು ಯುಗೊಸ್ಲಾವಿಯಾ ಯುರೋಪಿನ ರಾಷ್ಟ್ರಗಳ ಟೂರ್ನಿಯಾದ ಯೂರೋ 92ರಿಂದ ಹೊರಬಿತ್ತು. ಅದರ ಜಾಗಕ್ಕೆ ಬಂದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದಿತು.

ಇಲ್ಲಿ ಒಂದು ಅಡ್ಡಮಾತು. ಒಡೆಯದಿದ್ದಿದ್ದರೆ ಆ ತಂಡ ಜಗತ್ತನ್ನೇ ಗೆಲ್ಲುತ್ತಿತ್ತು ಎಂಬ ಹಳಹಳಿಕೆ ಯುರೋಪಿನ ಬರಹಗಳಲ್ಲಿ ಹೇರಳವಾಗಿದೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. 1990ರಲ್ಲಿ ತಂಡ ಇನ್ನೂ ಒಡೆದಿರಲಿಲ್ಲ. ಹಾಗಿದ್ದೂ ಟೂರ್ನಿಗೆ ಮೊದಲು ಜಾಗ್ರೆಬ್‌ನಲ್ಲಿ ನೆದರ್‌ಲ್ಯಾಂಡ್ಸ್ ವಿರುದ್ಧ ಆಡಿದಾಗ ಮನೆಯ ಪ್ರೇಕ್ಷಕರೇ ರಾಷ್ಟ್ರಗೀತೆಗೆ ಕೂಗು ಹಾಕಿ ಎದುರಾಳಿಯನ್ನು ಹುರಿದುಂಬಿಸಿದರು. ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಮರಡೋನಾನ ಅರ್ಜೆಂಟೀನಾ ಎದುರು ಅರ್ಧ ಗಂಟೆಯಾದಾಗಿನಿಂದ ಹತ್ತೇ ಜನರಲ್ಲಿ ಆಡಿ ಪೆನಾಲ್ಟಿಯಲ್ಲಿ ಸೋತರು. ಪ್ರೊಸಿನೆಚ್ಕಿ ತನ್ನ ಪೆನಾಲ್ಟಿ ಗೋಲಾಗಿಸಿದ, ಮರಡೋನಾಗೆ ಆಗಲಿಲ್ಲ. ವೀರೋಚಿತ ಸೋಲು, ಒಪ್ಪುತ್ತೇನೆ. ಆದರೆ ಸೋಲು ಸೋಲೇ, ಅದನ್ನು ತಪ್ಪಿಹೋದ ಸಾಮ್ರಾಜ್ಯವೆಂದು ಹಾಡಬೇಕಿಲ್ಲ.

ಹಾಸ್ಟೆಲಿನ ಟಿವಿ ಕೋಣೆ

ನಾನು ಪ್ರೊಸಿನೆಚ್ಕಿಯನ್ನು ಕಣ್ಣಾರೆ ನೋಡಿದ್ದು 1998ರಲ್ಲಿ, ಹಾಸ್ಟೆಲಿನ ಟಿವಿಯಲ್ಲಿ. ಪಂದ್ಯ ಶುರುವಾಗುತ್ತಿದ್ದುದೇ ರಾತ್ರಿ ಹನ್ನೆರಡೂವರೆಗೆ. ಬ್ರೆಜಿಲ್ ಆಡುವಾಗ ಕಾಲಿಡಲು ಜಾಗವಿಲ್ಲದ ಕೋಣೆಯಲ್ಲಿ ಕ್ರೊಯೇಷಿಯಾ ಆಡುವಾಗ ಬೆರಳೆಣಿಕೆಯ ಜನ. ಜಮೈಕಾ ವಿರುದ್ಧದ ಮೊದಲ ಪಂದ್ಯದಲ್ಲಿ ಆತ ಗೋಲು ಹೊಡೆದಾಗ ಹಿಂದೆ ಕುಳಿತಿದ್ದ ಸೀನಿಯರ್ ಒಬ್ಬರು, "ಲೇ, ಇವನು ಇಟಲಿ ವರ್ಲ್ಡ್‌ಕಪ್ಪಲ್ಲಿ ನೀಲಿ ಅಂಗೀಲಿ ಇದ್ದ ಹುಡುಗ ಅಲ್ವೇನೋ?" ಎಂದರು. ಹೌದು, ಅವನೇ. ಎಂಟು ವರ್ಷದ ಹಿಂದೆ ಬೊಲೊನ್ಯಾದಲ್ಲಿ ಯುಎಇ ವಿರುದ್ಧ ಪಂದ್ಯದ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು, ಆ ಟೂರ್ನಿಯ ಅತ್ಯುತ್ತಮ ಯುವ ಆಟಗಾರ ಎನಿಸಿಕೊಂಡವನು. ಈಗ ಕೆಂಪು-ಬಿಳಿ ಚೌಕಳಿ ಅಂಗಿ. ಅದೇ ಹೊಂಬಣ್ಣದ ಕೂದಲು. ನಡಿಗೆ ಮಾತ್ರ ಮಧ್ಯಾಹ್ನದ ಊಟ ಮುಗಿಸಿ ಬಂದವರಂತೆ ನಿಧಾನ.

ಆ ತಂಡದ ಕೋಚ್ ಯಾರು? ಡಿಪ್ಲೊಮಾ ತಿನ್ನುತ್ತೇನೆ ಎಂದಿದ್ದ ಅದೇ ಬ್ಲಾಜೆವಿಚ್. ಜುಲೈ 8ರ ಸೆಮಿಫೈನಲ್ ಫ್ರಾನ್ಸ್ ಜತೆ. ವಿರಾಮದ ನಂತರ ಮೊದಲ ನಿಮಿಷದಲ್ಲೇ ಶುಕೆರ್ ಗೋಲು. ನಾವು ಕೂಗಿ ಮುಗಿಸುವುದರೊಳಗೆ ತುರಾಮ್ ಸಮ ಮಾಡಿದ, ಆಮೇಲೆ ಅವನೇ ಇನ್ನೊಂದು ಹೊಡೆದ. ಫ್ರಾನ್ಸ್‌ನ ಬ್ಲಾಂಕ್ ಕೆಂಪು ಕಾರ್ಡ್ ಕಂಡು ಹೊರನಡೆದ ಮೇಲೆ ಎದುರಿಗೆ ಹತ್ತೇ ಜನ. ಬಿಗಿದುಕೊಂಡ ಆ ರಕ್ಷಣೆಯನ್ನು ಬಿಡಿಸಲು ಬೇಕಿದ್ದ ಕಾಲುಗಳು ಬೆಂಚಿನ ಮೇಲೆ ಕೂತಿದ್ದವು. ಎಂಬತ್ತನೇ ನಿಮಿಷ ಬಂತು, ಎಂಬತ್ತೈದು ಬಂತು. ಕೊನೆಗೂ ಪ್ರೊಸಿನೆಚ್ಕಿ ಒಳಗೆ ಬಂದಾಗ ಗಡಿಯಾರದಲ್ಲಿ ತೊಂಬತ್ತು. ನಮ್ಮ ಸೀನಿಯರ್ ಟಿವಿಗೆ ಕೈಮುಗಿದು ಎದ್ದುಹೋದರು. ಬ್ಲಾಜೆವಿಚ್‌ಗೆ ಆಟದ ಲೆಕ್ಕಾಚಾರ ಏನಿತ್ತೋ ಇರಲಿ, ನನಗೆ ಇಂದಿಗೂ ಅದು ಆ ಟೂರ್ನಿಯ ಅತಿ ಕೆಟ್ಟ ನಿರ್ಧಾರ.

ಮೂರು ದಿನದ ಮೇಲೆ ಮೂರನೇ ಸ್ಥಾನದ ಪಂದ್ಯ, ನೆದರ್‌ಲ್ಯಾಂಡ್ಸ್ ಎದುರು. ಇಂಥ ಪಂದ್ಯಗಳನ್ನು ಯಾರೂ ಮನಸ್ಸಿಟ್ಟು ಆಡುವುದಿಲ್ಲ ಎನ್ನುತ್ತಾರೆ. ಹದಿಮೂರನೇ ನಿಮಿಷದಲ್ಲಿ ಪ್ರೊಸಿನೆಚ್ಕಿ ಪೆನಾಲ್ಟಿ ಆವರಣದೊಳಗೆ ಚೆಂಡು ಹಿಡಿದು, ಮೈಯನ್ನು ಒಂದು ಸುತ್ತು ತಿರುಗಿಸಿ, ವಾನ್ ಡರ್ ಸಾರ್‌ನನ್ನು ದಾಟಿಸಿದ. ಗಡಿಬಿಡಿಯೇ ಇಲ್ಲ. ಕ್ರೊಯೇಷಿಯಾ 2-1ರಿಂದ ಗೆದ್ದಿತು. ತನ್ನ ಮೊದಲ ವಿಶ್ವಕಪ್‌ನಲ್ಲೇ ಮೂರನೇ ಸ್ಥಾನ, ಶುಕೆರ್‌ಗೆ ಆರು ಗೋಲುಗಳ ಚಿನ್ನದ ಬೂಟು. ಬೊಬಾನ್, ಶುಕೆರ್, ಯಾರ್ನಿ, ಶ್ಟಿಮಾಟ್ಸ್, ಪ್ರೊಸಿನೆಚ್ಕಿ. ಚಿಲಿಗೆ ಹೋಗಿ ಬಂದ ಹುಡುಗರು. ಅವರ ಜತೆ ಚಿಲಿಯಲ್ಲಿ ಕಪ್ ಎತ್ತಿದ್ದ ಮಿಯಾಟೊವಿಚ್ ಅದೇ ಟೂರ್ನಿಯಲ್ಲಿ ಯುಗೊಸ್ಲಾವಿಯಾದ ಪರ ಆಡಿದ್ದ. ಮರುವರ್ಷ ಜಾಗ್ರೆಬ್‌ನಲ್ಲಿ ಎರಡೂ ತಂಡಗಳು ಎದುರಾದಾಗ ಯಾರ್ನಿ ಒಂದು ಕಡೆ, ಮಿಯಾಟೊವಿಚ್ ಇನ್ನೊಂದು ಕಡೆ. ಪಂದ್ಯ 2-2, ಒಂದು ಗೋಲು ಮಿಯಾಟೊವಿಚ್‌ನದು. ಆ ಡ್ರಾದಿಂದ ಕ್ರೊಯೇಷಿಯಾ ಯೂರೋ 2000ದಿಂದ ಹೊರಬಿತ್ತು.

ತೊಡೆಯ ಸ್ನಾಯುವಿನ ದೇಶ

ಪ್ರೊಸಿನೆಚ್ಕಿ ಆಗಬೇಕಾದಷ್ಟು ದೊಡ್ಡವನಾಗಲಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ದೇಶ ಒಡೆದ ದುಃಖಕ್ಕೆ ಗಂಟುಹಾಕುವವರಿದ್ದಾರೆ. ಓದಲು ಚೆನ್ನಾಗಿರುತ್ತದೆ, ನಾನು ಮಾತ್ರ ಒಪ್ಪಲಾರೆ. 1991ರಲ್ಲಿ ರಿಯಲ್ ಮ್ಯಾಡ್ರಿಡ್ ಅವನನ್ನು ಕೊಂಡಿತು, ಸ್ನಾಯುಗಳು ಒಂದರ ಹಿಂದೊಂದು ಕೈಕೊಟ್ಟವು. ಮೂರು ವರ್ಷ ಅರ್ಧ ಆಟ, ಅರ್ಧ ಆಸ್ಪತ್ರೆ. ಸಿಗರೇಟು ಬಿಡಲಿಲ್ಲ, ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಮಿಯಾಟೊವಿಚ್, ಶುಕೆರ್, ಸಾವಿಚೆವಿಚ್ ಎಲ್ಲರ ದೇಶವೂ ಒಡೆದದ್ದೇ, ಅವರ ಕಾಲು ಒಡೆಯಲಿಲ್ಲ. ಒವಿಯೆಡೊದಲ್ಲಿ ರಾದೊಮಿರ್ ಆಂಟಿಚ್ ಕೈಕೆಳಗೆ ಒಂದು ವರ್ಷ ಮತ್ತೆ ಅರಳಿದ. ಅದರ ಬಲದ ಮೇಲೆ ಕ್ರೈಫ್‌ನ ಬಾರ್ಸಿಲೋನಾ, ಅಲ್ಲಿಂದ ಸೆವಿಯಾ, ಮತ್ತೆ ಜಾಗ್ರೆಬ್. ಯುದ್ಧದ ವರ್ಷಗಳಲ್ಲಿ ಕ್ರೊಯೇಷಿಯದ ಈ ಆಟಗಾರನಿಗೆ ಮರುಜೀವ ಕೊಟ್ಟ ಆಂಟಿಚ್ ಸರ್ಬ್ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಸಂಜೆಗಾಲದ ಒಂದು ಋತು ನನಗೆ ಬಹಳ ಪ್ರಿಯ. 2001-02ರಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯಲ್ಲಿದ್ದ ಪೋರ್ಟ್ಸ್‌ಮತ್‌ಗೆ ಅವನು ಬಂದ. ಕ್ಲಬ್ಬಿನ ಮಾಲೀಕ ಮಿಲಾನ್ ಮಂಡಾರಿಚ್, ಇಂದಿನ ಕ್ರೊಯೇಷಿಯಾದಲ್ಲಿರುವ ಗೊಸ್ಪಿಚ್ ಬಳಿ ಹುಟ್ಟಿ ಅಮೆರಿಕಕ್ಕೆ ಹೋಗಿ ಸಿರಿವಂತನಾದ ಸರ್ಬ್. ಮೂವತ್ತಮೂರರ ಪ್ರೊಸಿನೆಚ್ಕಿ ಓಡುತ್ತಿರಲಿಲ್ಲ. ಎದುರಾಳಿಯ ಮುಂದೆ ಚೆಂಡನ್ನು ನಿಲ್ಲಿಸಿ, ಅವನು ಕಾಲು ಹಾಕುವ ತನಕ ಕಾದು, ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದ. ಬಾರ್ನ್ಸ್ಲಿ ವಿರುದ್ಧ ಹ್ಯಾಟ್ರಿಕ್ ಹೊಡೆದ, ತಂಡ ಹೇಗೋ ಆ ಪಂದ್ಯವನ್ನೂ 4-4ಕ್ಕೆ ಡ್ರಾ ಮಾಡಿಕೊಂಡಿತು. ಒಂದೇ ವರ್ಷ ಆಡಿದ ಆಟಗಾರನನ್ನು ಆ ಊರಿನವರು ಇಂದಿಗೂ ತಮ್ಮವನೆಂದೇ ನೆನೆಯುತ್ತಾರೆ. ಅವರು ಅವನ ಅಪ್ಪ ಅಮ್ಮ ಯಾರೆಂದು ಕೇಳಲಿಲ್ಲ. 2002ರಲ್ಲಿ ಕ್ರೊಯೇಷಿಯಾದ ಪರ ಮತ್ತೊಂದು ವಿಶ್ವಕಪ್ಪಿಗೆ ಹೋಗಿ ಅಂತರರಾಷ್ಟ್ರೀಯ ಆಟ ಮುಗಿಸಿದ.

ಇಂದಿನ ನಿಯಮಗಳಲ್ಲಿ ದೇಶ ಬದಲಿಸುವುದು ದಾಖಲೆಪತ್ರದ ಕೆಲಸ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ 2020ರ ತಿದ್ದುಪಡಿಯ ಪ್ರಕಾರ, ಇಪ್ಪತ್ತೊಂದು ತುಂಬುವುದರೊಳಗೆ ಮೂರಕ್ಕಿಂತ ಹೆಚ್ಚು ಪಂದ್ಯ ಆಡಿರಬಾರದು, ಕೊನೆಯ ಪಂದ್ಯವಾಗಿ ಮೂರು ವರ್ಷ ಕಳೆದಿರಬೇಕು, ಹೀಗೆ ಷರತ್ತುಗಳ ಸಾಲು. ಮುನಿರ್ ಎಲ್ ಹದ್ದಾದಿ 2014ರಲ್ಲಿ ಸ್ಪೇನ್ ಪರ ಕೆಲವೇ ನಿಮಿಷ ಆಡಿದ ತಪ್ಪಿಗೆ ಮೊರಾಕ್ಕೊ ಸೇರಲು ವರ್ಷಗಟ್ಟಲೆ ಅಲೆದ. ದೇಶಗಳು ಸ್ಥಿರ, ಆಟಗಾರ ಮಾತ್ರ ಚಲಿಸುತ್ತಾನೆ ಎಂದು ಇಡೀ ನಿಯಮಾವಳಿ ಗ್ರಹಿಸಿಕೊಂಡಿದೆ. ಬಾರಿಯಲ್ಲಿ ಆಡಿದವರ ಮುಂದೆ ಈ ಕಾಗದ ಹಿಡಿದರೆ ನಗುತ್ತಾರೋ ಏನೋ.

ಮರಳಿ ಬೆಲ್‌ಗ್ರೇಡ್‌ಗೆ

ಆಟ ಬಿಟ್ಟ ಮೇಲೆ ಮೊದಲು ಕ್ರೊಯೇಷಿಯಾ ತಂಡದಲ್ಲಿ ಸ್ಲಾವೆನ್ ಬಿಲಿಚ್‌ಗೆ ಸಹಾಯಕ ಕೋಚ್. 2010ರ ಡಿಸೆಂಬರ್‌ನಲ್ಲಿ ರೆಡ್ ಸ್ಟಾರ್‌ನಿಂದ ಕರೆ ಬಂತು. ಯುದ್ಧ ನಿಂತು ಹದಿನೈದು ವರ್ಷವಾಗಿದ್ದರೂ ಕ್ರೊಯೇಷಿಯದ ತಾರೆಯೊಬ್ಬ ಬೆಲ್‌ಗ್ರೇಡ್‌ನಲ್ಲಿ, ಅದೂ ಸರ್ಬ್ ಅಭಿಮಾನದ ಗರ್ಭಗುಡಿಯಂಥ ಆ ಕ್ಲಬ್ಬಿನಲ್ಲಿ ಕೋಚ್ ಆಗುವುದು ಸಣ್ಣ ಸಂಗತಿಯಲ್ಲ. ಅವನು ಹೋದ. 2012ರಲ್ಲಿ ಸರ್ಬಿಯಾದ ಕಪ್ ಗೆದ್ದುಕೊಟ್ಟ. ಬೇರೆ ಯಾವ ಕ್ರೊಯೇಷಿಯನ್ನನಿಗಾದರೂ ಅಲ್ಲಿ ಅಷ್ಟು ಸಲೀಸಾಗಿ ಸ್ವಾಗತ ಸಿಗುತ್ತಿತ್ತೇ ಎಂಬುದು ನನಗೆ ಅನುಮಾನ. 1991ರ ಕಪ್ ಗೆದ್ದವರಿಗೆ ಅಲ್ಲಿ ಬೇರೆಯೇ ಪೌರತ್ವ.

ಆಮೇಲೆ ಟರ್ಕಿಯಲ್ಲಿ ಕೈಸೆರಿಸ್ಪೋರ್, ಅಜರ್‌ಬೈಜಾನ್ ರಾಷ್ಟ್ರೀಯ ತಂಡ. 2018ರಲ್ಲಿ ಬೋಸ್ನಿಯಾ. ಆ ವರ್ಷದ ನೇಷನ್ಸ್ ಲೀಗ್‌ನಲ್ಲಿ ಆಸ್ಟ್ರಿಯಾವನ್ನೂ ಉತ್ತರ ಐರ್ಲೆಂಡನ್ನೂ ಹಿಂದಿಕ್ಕಿ ಗುಂಪಿನಲ್ಲಿ ಮೊದಲಾಯಿತು ಬೋಸ್ನಿಯಾ. ಮರುವರ್ಷ ಆರ್ಮೇನಿಯಾಕ್ಕೆ ಸೋತಾಗ ರಾಜೀನಾಮೆ ಎಂದ, ಮನಸ್ಸು ಬದಲಿಸಿದ, ಕೆಲವು ವಾರಗಳಲ್ಲಿ ಕೆಲಸ ಹೇಗೂ ಹೋಯಿತು. 2024ರಲ್ಲಿ ಮಾಂಟೆನೆಗ್ರೊ. ಬೆಲ್‌ಗ್ರೇಡ್, ಸರಯೇವೊ, ಪೊಡ್ಗೊರಿಟ್ಸಾ: ಹುಡುಗನಾಗಿದ್ದಾಗ ಒಂದೇ ಲೀಗಿನಲ್ಲಿ ವಾರ ವಾರ ಬಸ್ಸು ಹತ್ತಿ ಹೋಗಿ ಆಡಿ ಬರುತ್ತಿದ್ದ ಊರುಗಳು. ಈಗ ಪ್ರತಿಯೊಂದಕ್ಕೂ ಹೊಸ ಕರಾರು, ಹೊಸ ರಾಷ್ಟ್ರಗೀತೆ. ಆಟಗಾರನಿಗೆ ಇರುವ ರಾಷ್ಟ್ರೀಯತೆಯ ಷರತ್ತು ಕೋಚ್‌ಗೆ ಇಲ್ಲ. ಯಾವ ಬೆಂಚಿನ ಮೇಲೆ ಬೇಕಾದರೂ ಕೂರಬಹುದು, ಪಂದ್ಯ ಸೋತರೆ ಬೈಸಿಕೊಳ್ಳಬೇಕು, ಅಷ್ಟೇ.